ಹನ್ನೊಂದನೇ ಗಿಡ

ನಮ್ಮ ಮನೆಯ ಪಕ್ಕದ ಬೇಲಿಯಲ್ಲಿ 27 ಗಿಡಗಳಿವೆ. ದಾರಿಯಲ್ಲಿ ಹೋಗುವವರಿಗೆ ಅದು ಒಂದೇ ಹಸಿರು ಗೋಡೆ. ನನಗೆ ಒಂದೊಂದೂ ಬೇರೆ ಬೇರೆ. ಯಾವುದು ಬೇಸಿಗೆಯಲ್ಲಿ ಮೊದಲು ಬಾಡುತ್ತದೆ, ಯಾವುದರ ಬುಡದಲ್ಲಿ ನೀರು ನಿಲ್ಲುತ್ತದೆ, ಯಾವುದು ಎಲ್ಲಕ್ಕಿಂತ ಮುಂಚೆ ಮೊಗ್ಗು ಬಿಡುತ್ತದೆ, ಎಲ್ಲ ಗೊತ್ತು. ಇಷ್ಟು ಗೊತ್ತಾಗಲು ಸುಮಾರು ಎರಡು ವರ್ಷ ಹಿಡಿಯಿತು. ಅದರಲ್ಲಿ ಮೊದಲ ಆರು ತಿಂಗಳು ಗಿಡಗಳಿಗೂ ಕಷ್ಟ, ನನಗೂ ಕಷ್ಟ. ಆಸೆಪಟ್ಟು ಬೇಲಿ ಹಾಕಿಸಿ, ಎಲೆ ಉದುರುವುದನ್ನು ನೋಡಿಕೊಂಡು, ಏನು ಮಾಡಬೇಕೋ ತೋಚದೆ ನಿಂತವರು ಈ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಬೆಂಗಳೂರಿನ ಉತ್ತರಹಳ್ಳಿಯ ಕಡೆ. 30×40 ಸೈಟು, ಮೂಲೆ ಮನೆ. ಪಕ್ಕದ ರಸ್ತೆಗೆ 40 ಅಡಿ ಉದ್ದದ ಗಿಡ್ಡ ಕಾಂಪೌಂಡು. ಅದರ ಒಳಗೆ ಎರಡು ಅಡಿ ಅಗಲದ ಮಣ್ಣಿನ ಪಟ್ಟಿ. ಆ ರಸ್ತೆಯನ್ನು ಒಂದು ಸಲ ಪೈಪಿಗೆ ಅಂತ, ಇನ್ನೊಂದು ಸಲ ಕೇಬಲ್ಲಿಗೆ ಅಂತ ಅಗೆದಿದ್ದರು. ಧೂಳು ಕಿಟಕಿಯಿಂದ ನೇರ ಅತ್ತೆಯ ಮಂಚಕ್ಕೆ ಬರುತ್ತಿತ್ತು. ಅವರಿಗೆ ಮೊದಲೇ ಉಬ್ಬಸ. ಕಾಂಪೌಂಡಿನ ಮೇಲೆ ಶೀಟು ಕಟ್ಟಿಸೋಣ ಅಂತ ನಮ್ಮ ಮನೆಯವರು ಹೇಳಿದರು. ಅತ್ತೆ ಒಪ್ಪಲಿಲ್ಲ. "ಗಿಡ ಹಾಕ್ಸಮ್ಮ, ಕಣ್ಣಿಗಾದ್ರೂ ತಂಪಾಗಿರುತ್ತೆ" ಅಂದರು.

ಬೇಲಿ ಅಂದರೆ ನನಗೆ ನೆನಪಾಗುವುದು ತುಮಕೂರು ಕಡೆಯ ಅಜ್ಜಿಯ ಊರು. ಅಲ್ಲಿ ಹೊಲದ ಸುತ್ತ ಕಳ್ಳಿ, ಕತ್ತಾಳೆ, ಲಕ್ಕಿ ಗಿಡ, ನಡುನಡುವೆ ಲಂಟಾನ. ಹಿತ್ತಿಲಿಗೆ ಆಡುಸೋಗೆ. ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ ಇದೆ, ಆದರೆ ಆಡುಸೋಗೆಯ ಕಹಿಗೆ ಆಡೂ ಬಾಯಿ ಹಾಕುವುದಿಲ್ಲ. ಅದಕ್ಕೇ ಅದನ್ನು ಬೇಲಿಗೆ ಹಾಕುತ್ತಿದ್ದರು. ಆ ಬೇಲಿಗಳಿಗೆ ಯಾರೂ ನೀರು ಹೊತ್ತಿದ್ದು ನಾನು ನೋಡಿಲ್ಲ. ಮಳೆ ಹಿಡಿದ ಮೇಲೆ ಕಡ್ಡಿ ಕತ್ತರಿಸಿ ಚುಚ್ಚುತ್ತಿದ್ದರು. ಅದರ ಪಾಡಿಗೆ ಅದು ಹಿಡಿದುಕೊಳ್ಳುತ್ತಿತ್ತು.

ಬೆಂಗಳೂರಿಗೂ ಒಂದು ಕಾಲದಲ್ಲಿ ದೊಡ್ಡ ಬೇಲಿ ಇತ್ತು. ಹಳೇ ಪೇಟೆಯ ಸುತ್ತ ಮಣ್ಣಿನ ಗೋಡೆ, ಕಂದಕ, ಅದರ ಜೊತೆಗೆ ದಟ್ಟವಾಗಿ ಬೆಳೆದ ಮುಳ್ಳುಗಿಡಗಳು. 1791ರಲ್ಲಿ ಕಾರ್ನ್‌ವಾಲಿಸ್‌ನ ಬ್ರಿಟಿಷ್ ಸೈನ್ಯ ಪೇಟೆಯ ಮೇಲೆ ಬಿದ್ದಾಗ ಆ ಮುಳ್ಳಿನ ಬೇಲಿಯೂ ಅವರಿಗೆ ಅಡ್ಡ ನಿಂತಿತ್ತು. ಒಂದು ಊರನ್ನು ಕಾಯುವಷ್ಟು ದಟ್ಟ ಆಗಲು ಅದಕ್ಕೆ ಎಷ್ಟು ಮಳೆಗಾಲ ಬೇಕಾಗಿತ್ತೋ! ನಾನು ಮಾತ್ರ ಆರು ತಿಂಗಳಲ್ಲಿ ಬೇಲಿ ಆಗಬೇಕು ಅಂತ ಕೂತಿದ್ದೆ.

ಮಧುಕಾಮಿನಿ ಅಂತ ತೀರ್ಮಾನ ಮಾಡಿದೆವು. ಅದು ನಮ್ಮ ಕರಿಬೇವಿನ ನೆಂಟ. ನುಣುಪಾದ ಕಡು ಹಸಿರು ಎಲೆ, ಬಿಳಿ ಹೂವು, ಸಂಜೆಯಾದರೆ ಬೀದಿ ತುಂಬ ಪರಿಮಳ. ಕತ್ತರಿಗೂ ಒಗ್ಗುತ್ತದೆ. ಡುರಾಂಟಾ ಅನ್ನುವ ಗಿಡ ಇನ್ನೂ ಬೇಗ ಬೆಳೆಯುತ್ತದೆ, ಬೆಲೆಯೂ ಕಡಿಮೆ. ಆದರೆ ಅದರ ಹಳದಿ ಕಾಯಿ ವಿಷ. ಪಕ್ಕದ ಮನೆಯ ಮಕ್ಕಳು ಅಲ್ಲೇ ಆಡುತ್ತಾರೆ. ಅದಕ್ಕೇ ಬೇಡ ಅಂದೆ. ಒಂದೂವರೆ ಅಡಿಗೆ ಒಂದರಂತೆ 27 ಗಿಡ ಲೆಕ್ಕಕ್ಕೆ ಬಂತು.

ತಪ್ಪು ಶುರುವಾಗಿದ್ದು ತಿಂಗಳಿನಿಂದಲೇ. ಅದು 2024ರ ಜನವರಿ ಕೊನೆಯ ವಾರ. "ಯಾವಾಗ ಹಾಕಿದ್ರೂ ಬರುತ್ತೆ ಮೇಡಂ" ಅಂತ ನರ್ಸರಿಯಿಂದ ಬಂದವರು ಹೇಳಿದರು. ನಾನು ನಂಬಿದೆ. ಬೆಂಗಳೂರಿನಲ್ಲಿ ಬೇಲಿ ನೆಡಲು ಜೂನ್, ಜುಲೈ ಸರಿಯಾದ ಕಾಲ. ಆಗ ನೆಟ್ಟರೆ ನವೆಂಬರ್ ತನಕ ಮಳೆಯೇ ಗಿಡ ನೋಡಿಕೊಳ್ಳುತ್ತದೆ. ಜನವರಿಯಲ್ಲಿ ನೆಟ್ಟರೆ ಎದುರಿಗೆ ಒಣ ಗಾಳಿ, ಅದರ ಹಿಂದೆ ಮೂರು ತಿಂಗಳ ಬಿಸಿಲು. ಆಗ ತಾನೇ ನೆಟ್ಟ ಗಿಡಕ್ಕೆ ಕವರಿನಲ್ಲಿದ್ದ ಹಿಡಿ ಮಣ್ಣೇ ಆಸ್ತಿಯೆಲ್ಲ. ಆಚೆ ಮಣ್ಣಿಗೆ ಇನ್ನೂ ಬೇರು ಚಾಚಿರುವುದಿಲ್ಲ. ನೀರು ಹೀರುವುದು ಬೇರಿನ ತುದಿಯ ಕೂದಲಿನಂಥ ಬಿಳಿ ಎಳೆಗಳು. ನೆಡುವ ಗಡಿಬಿಡಿಯಲ್ಲಿ ಅವೇ ಮೊದಲು ಹರಿಯುವುದು. ಎಲೆ ಮಾತ್ರ ಅಷ್ಟೂ ಇರುತ್ತದೆ, ಅಷ್ಟೇ ನೀರು ಕೇಳುತ್ತದೆ.

ಅರ್ಧ ದಿನದಲ್ಲಿ 27 ಗುಂಡಿ ತೋಡಿ, ಗಿಡ ಇಟ್ಟು, ಮಣ್ಣು ತುಳಿದು, ದುಡ್ಡು ತಗೊಂಡು ಹೋದರು. ನನಗೆ ಖುಷಿಯೋ ಖುಷಿ.

ಆಮೇಲೆ ಮಾರ್ಚ್ ಬಂತು. ಆ ವರ್ಷದ ಮಾರ್ಚ್ ಬೆಂಗಳೂರಿನವರು ಯಾರೂ ಮರೆಯುವುದಿಲ್ಲ. ಬೋರ್‌ವೆಲ್‌ಗಳು ಒಂದೊಂದಾಗಿ ಬತ್ತಿದವು. ಟ್ಯಾಂಕರ್‌ಗೆ ಫೋನ್ ಮಾಡಿ ಎರಡು ದಿನ ಕಾಯಬೇಕಿತ್ತು. ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದು, ಕಾರು ತೊಳೆಯಬಾರದು, ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ಆ ಆದೇಶ ಸರಿಯಾಗಿಯೇ ಇತ್ತು. ಜನಕ್ಕೆ ಕುಡಿಯಲು ಇಲ್ಲದಾಗ ಬೇಲಿಗೆ ಎಲ್ಲಿಂದ ತರುವುದು? ಹಾಗಾಗಿ ನಾನು ಅಡುಗೆಮನೆಯ ಆರ್‌ಒ ಫಿಲ್ಟರಿನಿಂದ ಹೊರಗೆ ಹೋಗುವ ನೀರನ್ನು ಪೈಪಿನಲ್ಲಿ ಬೇಲಿಗೆ ಬಿಟ್ಟೆ. ಹೇಗಿದ್ದರೂ ಚರಂಡಿಗೆ ಹೋಗುವ ನೀರು ಅಲ್ವಾ, ಗಿಡಕ್ಕಾದರೂ ಆಗಲಿ ಅಂದುಕೊಂಡೆ. ಪೈಪು ಮುಟ್ಟುತ್ತಿದ್ದದ್ದು ಅಡುಗೆಮನೆ ಕಡೆಯ ಮೊದಲ ಒಂಬತ್ತು ಗಿಡಗಳಿಗೆ. ಉಳಿದವಕ್ಕೆ ದಿನಾ ಒಂದೊಂದು ಮಗ್ ನೀರು.

ಮೂರು ವಾರದಲ್ಲಿ ಎಲೆ ಉದುರಲು ಶುರುವಾಯಿತು. ಆ ಮೊದಲ ಒಂಬತ್ತು ಗಿಡಗಳಲ್ಲಿ ಎಲೆಯ ಅಂಚು ಸುಟ್ಟ ಕಾಗದದ ಹಾಗೆ ಕಂದಾಯಿತು. ಅವಕ್ಕೇ ನಾನು ಜಾಸ್ತಿ ನೀರು ಹಾಕುತ್ತಿದ್ದದ್ದು. ಅದು ಹೇಗೆ ಅಂತ ಅರ್ಥವಾಗಲಿಲ್ಲ.

ಅರ್ಥವಾಗಿದ್ದು ರಾಮನವಮಿಯ ದಿನ. ಆ ಸಲ ಏಪ್ರಿಲ್ 17ಕ್ಕೆ ಬಂದಿತ್ತು. ಕೋಸಂಬರಿಗೆ ಸೌತೆಕಾಯಿ ಹೆಚ್ಚಿ ಉಪ್ಪು ಬೆರೆಸಿದೆ. ಅಷ್ಟರಲ್ಲಿ ಯಾರೋ ಬಂದರು, ಮಾತಾಡಿ ಒಳಗೆ ಬಂದು ನೋಡಿದರೆ ಪಾತ್ರೆಯ ತಳದಲ್ಲಿ ಅರ್ಧ ಲೋಟ ನೀರು ನಿಂತಿದೆ. ಸೌತೆಕಾಯಿ ಬಾಡಿದ ಹಾಗೆ ಮೆತ್ತಗಾಗಿದೆ. ಉಪ್ಪು ಎಲ್ಲಿದ್ದರೂ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಆರ್‌ಒ ಫಿಲ್ಟರ್ ಮಾಡುವ ಕೆಲಸ ಏನು? ನಮಗೆ ಸಿಹಿ ನೀರು ಕೊಟ್ಟು, ಉಪ್ಪನ್ನೆಲ್ಲ ಹೊರಗೆ ಹೋಗುವ ನೀರಿಗೆ ಸೇರಿಸುವುದು. ನಮ್ಮದು ಮೊದಲೇ ಗಡಸು ನೀರು. ಆ ನೀರನ್ನು ದಿನಾ ಹಾಕಿ, ಅದು ಬಿಸಿಲಿಗೆ ಆರಿ, ಉಪ್ಪು ಬೇರಿನ ಸುತ್ತ ಕೂತಿತ್ತು. ಮಣ್ಣು ಒದ್ದೆ ಇದ್ದರೂ ಬೇರಿಗೆ ನೀರು ಸಿಕ್ಕುತ್ತಿರಲಿಲ್ಲ. ಮಣ್ಣಿನ ಮೇಲೆ ಬೆಳ್ಳಗೆ ಪುಡಿ ಕಟ್ಟಿದ್ದನ್ನು ಅಷ್ಟು ದಿನ ನೋಡಿಯೂ ನೋಡಿರಲಿಲ್ಲ. ಅವತ್ತೇ ಪೈಪು ಕಿತ್ತೆ. ಬಕೆಟ್‌ನಲ್ಲಿ ಹಿಡಿದು ನೆಲ ಒರೆಸಲು ಇಟ್ಟುಕೊಂಡೆ. ಈಗಲೂ ಹಾಗೇ ಮಾಡುತ್ತೇನೆ.

ಅದೇ ವಾರ ಯಜಮಾನರು ಬಂದರು. ನಮ್ಮ ಬೀದಿಯ ನಾಲ್ಕೈದು ಮನೆಗಳ ತೋಟ ನೋಡುವ ಹಿರಿಯರು, ಕನಕಪುರದ ಕಡೆಯವರು. ವಯಸ್ಸು ಎಪ್ಪತ್ತರ ಹತ್ತಿರ. ಅವರನ್ನು ಎಲ್ಲರೂ ಯಜಮಾನ್ರೇ ಅಂತಲೇ ಕರೆಯುವುದು. ಬೇಲಿಯ ಈ ತುದಿಯಿಂದ ಆ ತುದಿಗೆ ಒಂದು ಸಲ ನಡೆದರು. ಏನೂ ಹೇಳಲಿಲ್ಲ. ನಾಲ್ಕನೇ ಗಿಡದ ಹತ್ತಿರ ಕೂತು, ಬುಡದ ಮೇಲೆ ಹೆಬ್ಬೆರಳಿನ ಉಗುರಿನಿಂದ ತೊಗಟೆಯನ್ನು ಒಂದಿಷ್ಟು ಕೆರೆದರು. ಒಳಗೆ ಕಂದು. ಇನ್ನೂ ಕೆಳಗೆ ಕೆರೆದರು. ಅಲ್ಲೂ ಕಂದು, ಒಣ ಕಡ್ಡಿಯ ಹಾಗೆ. "ಇದು ಹೋಯ್ತಮ್ಮ" ಅಂದರು. ಐದನೆಯದನ್ನು ಕೆರೆದರು. ಅದರಲ್ಲಿ ಒಂದೂ ಎಲೆ ಇರಲಿಲ್ಲ, ನಾನು ಅದೂ ಹೋಯಿತು ಅಂದುಕೊಂಡಿದ್ದೆ. ತೊಗಟೆಯ ಕೆಳಗೆ ಬಟಾಣಿ ಸಿಪ್ಪೆಯಂಥ ಹಸಿರು, ಸ್ವಲ್ಪ ಒದ್ದೆ. "ಇದ್ರಲ್ಲಿ ಜೀವ ಐತೆ. ಎಲೆ ಉದುರಿಸ್ಕೊಂಡು ಕಾಯ್ತಾ ಐತೆ ಅಷ್ಟೇ" ಅಂದರು.

ಎಲೆ ಉದುರಿದರೆ ಸಾಯುತ್ತಿದೆ ಅಂತ ನಾನು ತಿಳಿದಿದ್ದೆ. ನೀರು ಖರ್ಚಾಗುವುದೇ ಎಲೆಯಿಂದ. ಬೇರಿಗೆ ಒದಗಿಸಲು ಆಗದಿದ್ದಾಗ ಗಿಡ ತಾನೇ ಎಲೆ ಬಿಟ್ಟು ಖರ್ಚು ಕಡಿಮೆ ಮಾಡಿಕೊಳ್ಳುತ್ತದೆ. ಒಣಗಿದ ಎಲೆ ಕಡ್ಡಿಗೆ ಅಂಟಿಕೊಂಡೇ ಉಳಿದರೆ ಆಗ ಜಾಸ್ತಿ ಯೋಚನೆ ಮಾಡಬೇಕು. ನಾಲ್ಕನೇ ಗಿಡದಲ್ಲಿ ಆಗಿದ್ದು ಅದೇ.

ಯಜಮಾನರು ಆ ಗಿಡವನ್ನು ಕಿತ್ತರು. ಕೀಳಲು ಕಷ್ಟವೇ ಆಗಲಿಲ್ಲ, ಎರಡು ಬೆರಳಲ್ಲಿ ಬಂತು. ಮಣ್ಣಿನ ಉಂಡೆ ನೆಟ್ಟ ದಿನ ಹೇಗಿತ್ತೋ ಹಾಗೇ ಇತ್ತು. ತಳದಲ್ಲಿ ಕಪ್ಪು ಪ್ಲಾಸ್ಟಿಕ್ ಕವರು ಇನ್ನೂ ಅಂಟಿಕೊಂಡಿತ್ತು. ಸುಮ್ನೆ ಪಕ್ಕದಲ್ಲಿ ಒಂದು ಸಲ ಸೀಳಿ ಇಟ್ಟುಬಿಟ್ಟಿದ್ದರು. ಬೇರುಗಳು ಕವರಿನ ಗೋಡೆಗೆ ತಾಗಿ, ದಾರಿ ಕಾಣದೆ, ಉಂಡೆಯ ಸುತ್ತಲೇ ಸಿಂಬಿ ಸುತ್ತಿದ ಹಾಗೆ ಸುತ್ತಿಕೊಂಡಿದ್ದವು. ಯಜಮಾನರು ಕುಡುಗೋಲಿನಿಂದ ಉಂಡೆಯನ್ನು ಎರಡು ಹೋಳು ಮಾಡಿದರು. ಸುತ್ತಲಿನ ಮಣ್ಣು ಒದ್ದೆ. ಉಂಡೆಯ ನಡುವೆ ಇಟ್ಟಿಗೆಯಂತೆ ಗಟ್ಟಿ, ಬೆರಳಿಂದ ಉಜ್ಜಿದರೆ ಕೆಂಪು ಧೂಳು. ಮೂರು ತಿಂಗಳು ದಿನಾ ನೀರು ಹಾಕಿದ ಗಿಡ ಅದು!

"ನೀರು ಹಾಕ್ತೀರಾ ಸರಿ. ಬೇರಿಗೆ ಹೋಗ್ತೈತಾ ಅಂತ ನೋಡಿದ್ದೀರಾ ಅಮ್ಮ?" ಅಂದರು. ಬೈಯುವ ದನಿಯಲ್ಲಿ ಅಲ್ಲ, ಮೆಲ್ಲಗೆ ಕೇಳಿದರು.

ಜೇಡಿ ಸೇರಿದ ಕೆಮ್ಮಣ್ಣನ್ನು ಕವರಿಗೆ ಒತ್ತಿ ತುಂಬಿರುತ್ತಾರೆ. ಒಂದು ಸಲ ಪೂರ್ತಿ ಒಣಗಿತು ಅಂದರೆ ಅದು ನೀರನ್ನು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸುತ್ತಲಿನ ಸಡಿಲ ಮಣ್ಣಿನಲ್ಲಿ ನೀರು ಸುಲಭವಾಗಿ ಕೆಳಗೆ ಇಳಿದುಹೋಗುತ್ತದೆ. ಮೇಲಿಂದ ನೋಡಿದರೆ ಪಾತಿ ತುಂಬ ಒದ್ದೆ. ನಾನು ಮೇಲಿಂದಲೇ ನೋಡುತ್ತಿದ್ದೆ.

ಅವರು ಹಳೇ ಕೊಡೆಯ ಕಡ್ಡಿ ಕೇಳಿದರು. ಪ್ರತಿ ಗಿಡದ ಬುಡದಿಂದ ನಾಲ್ಕು ಬೆರಳು ದೂರದಲ್ಲಿ, ಉಂಡೆಯೊಳಗೆ ಇಳಿಯುವ ಹಾಗೆ ಐದಾರು ತೂತು ಚುಚ್ಚಿದರು. ಕವರು ಉಳಿದಿದ್ದ ಇನ್ನೂ ಎರಡು ಗಿಡಗಳಲ್ಲಿ ಅದನ್ನು ಬಿಡಿಸಿ ತೆಗೆದರು. ಆಮೇಲೆ ನೀರಿನ ಲೆಕ್ಕ ಹೇಳಿದರು. ದಿನಾ ಒಂದು ಮಗ್ ಬೇಡ. ಮೂರು ದಿನಕ್ಕೊಮ್ಮೆ ಐದು ಲೀಟರ್ ಹಾಕಿ, ಆದರೆ ನಿಧಾನಕ್ಕೆ. ಮೇಲೆ ಮೇಲೆ ಹಾಕಿದರೆ ಬೇರು ಮೇಲೇ ಬರುತ್ತದೆ, ಬಿಸಿಲಿಗೆ ಸಿಕ್ಕಿ ಬೇಯುತ್ತದೆ. ಆಳಕ್ಕೆ ಇಳಿಸಿದರೆ ಬೇರು ನೀರಿನ ಹಿಂದೆಯೇ ಕೆಳಗೆ ಹೋಗುತ್ತದೆ.

ಮಗ ಇಟ್ಟಿಗೆ ಚೂರುಗಳ ಮೇಲೆ ಬಣ್ಣದಲ್ಲಿ 1ರಿಂದ 27ರ ತನಕ ನಂಬರ್ ಬರೆದು ಒಂದೊಂದು ಗಿಡದ ಮುಂದೆ ಇಟ್ಟ. ದಿನಕ್ಕೆ ಒಂಬತ್ತು ಗಿಡ, ಒಟ್ಟು 45 ಲೀಟರ್. ಅಷ್ಟು ನೀರು ಎಲ್ಲಿಂದ? ನಮ್ಮ ಮನೆಯಲ್ಲಿ ಸೋಲಾರ್ ಇದೆ. ಬಿಸಿನೀರಿನ ನಲ್ಲಿ ತಿರುಗಿಸಿದರೆ ಬಿಸಿನೀರು ಬರುವ ಮುಂಚೆ ಪೈಪಿನಲ್ಲಿದ್ದ ತಣ್ಣೀರು ಬರುತ್ತದೆ. ಅಷ್ಟು ವರ್ಷ ಅದನ್ನು ಸುಮ್ನೆ ಹರಿಯಲು ಬಿಟ್ಟಿದ್ದೆವು. ಹಿಡಿದು ನೋಡಿದರೆ ಎರಡು ಬಚ್ಚಲು ಸೇರಿ ದಿನಕ್ಕೆ ಎರಡು ಬಕೆಟ್. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಇನ್ನೊಂದು ಬಕೆಟ್. ಸೋಪು ಸೇರದ ನೀರು ಇಷ್ಟು ಸಿಕ್ಕಿತು. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಒಂಬತ್ತು ಗಿಡಕ್ಕೂ ಒಂದೊಂದು ಮಗ್ ಹಾಕಿ, ಮತ್ತೆ ಮೊದಲಿಗೆ ಬರುತ್ತಿದ್ದೆ. ಅಷ್ಟರಲ್ಲಿ ಹಿಂದಿನ ನೀರು ಇಂಗಿರುತ್ತಿತ್ತು. ಹೀಗೆ ಐದಾರು ಸುತ್ತು. ಮುಕ್ಕಾಲು ಗಂಟೆಯ ಕೆಲಸ. ನನಗೆ ಪ್ರತಿ ಗಿಡದ ಮುಖ ಪರಿಚಯ ಆಗಿದ್ದು ಆ ಮುಕ್ಕಾಲು ಗಂಟೆಯಲ್ಲೇ.

ಬೀದಿ ಗುಡಿಸುವ ಅಕ್ಕನ ಹತ್ತಿರ ಎರಡು ಚೀಲ ಹೊಂಗೆ ಎಲೆ ಕೇಳಿ ಇಸಕೊಂಡೆ. ನಮ್ಮ ಬೀದಿಯ ಹೊಂಗೆ ಮರಗಳು ಬೇಸಿಗೆ ಶುರುವಿನಲ್ಲಿ ಎಲೆ ಉದುರಿಸುತ್ತವೆ. ಇಲ್ಲದಿದ್ದರೆ ಆ ಎಲೆಗೆ ಬೆಂಕಿ ಬೀಳುತ್ತದೆ. ಮೂರು ಇಂಚು ದಪ್ಪ ಹಾಸಿ, ಬುಡಕ್ಕೆ ತಾಗದ ಹಾಗೆ ನಾಲ್ಕು ಬೆರಳು ಜಾಗ ಬಿಟ್ಟೆ. ಬುಡಕ್ಕೆ ಒತ್ತಿ ಹಾಕಿದರೆ ತೊಗಟೆ ಕೊಳೆಯುತ್ತದೆ. ತರಗೆಲೆಗೆ ಗೆದ್ದಲು ಬರುವ ಭಯ ಇದ್ದದ್ದರಿಂದ ಹಿಡಿ ಹಿಡಿ ಬೇವಿನ ಹಿಂಡಿ ಉದುರಿಸಿದೆ. ಕಾಂಪೌಂಡಿನ ಗೋಡೆ ಮಧ್ಯಾಹ್ನದ ಬಿಸಿಲನ್ನು ಹೀರಿ ರಾತ್ರಿ ತನಕ ಕಾಯುತ್ತಿತ್ತು. ಕೈ ಇಟ್ಟರೆ ಕಾವಲಿಯ ಹಾಗೆ. ಅದಕ್ಕೆ ಬಿದಿರು ಗಳ ನೆಟ್ಟು ಪಶ್ಚಿಮದ ಕಡೆ ಹಸಿರು ನೆಟ್ ಕಟ್ಟಿದೆವು. ಆ ಏಪ್ರಿಲ್ ಕೊನೆಗೆ ಊರಿನ ಬಿಸಿಲು 38 ಡಿಗ್ರಿ ದಾಟಿತು. ನೆಟ್ ಇಲ್ಲದಿದ್ದರೆ ಇನ್ನೂ ಹತ್ತು ಗಿಡ ಹೋಗುತ್ತಿದ್ದವು ಅಂತ ನನ್ನ ಲೆಕ್ಕ.

ಎದುರು ಮನೆಯವರು ಪ್ರೀತಿಯಿಂದಲೇ ಒಂದು ಪೊಟ್ಟಣ ಡಿಎಪಿ ತಂದುಕೊಟ್ಟರು. ಸೊರಗಿದೆ, ಗೊಬ್ಬರ ಹಾಕಿ ಅಂತ. ಯಜಮಾನರು ಕೈ ಅಡ್ಡ ಇಟ್ಟರು. "ಜ್ವರ ಬಂದೋರಿಗೆ ಒಬ್ಬಟ್ಟು ಬಡಿಸ್ತೀರಾ? ಗಂಜಿ ಕೊಡ್ತೀರಿ ಅಲ್ವಾ?" ಅಂದರು. ಆ ಗೊಬ್ಬರವೂ ಒಂದು ಉಪ್ಪೇ. ಹೀರಲು ಬೇರೇ ಇಲ್ಲದ ಗಿಡಕ್ಕೆ ಹಾಕಿದರೆ ಗಾಯದ ಮೇಲೆ ಬರೆ. ಪೊಟ್ಟಣವನ್ನು ತೆಗೆದಿಟ್ಟೆ. ತಲೆ ಕತ್ತರಿಸಿದರೆ ಗಿಡಕ್ಕೆ ಭಾರ ಕಡಿಮೆ ಆಗುತ್ತದೆ ಅಂತಲೂ ಕೆಲವರು ಹೇಳಿದರು. ಅದನ್ನೂ ಮಾಡಲಿಲ್ಲ. ಉಗುರಲ್ಲಿ ಕೆರೆದು ನೋಡಿ, ಪೂರ್ತಿ ಒಣಗಿದ ಕಡ್ಡಿಗಳನ್ನಷ್ಟೇ ತೆಗೆದೆ. ಹೊಸ ಬೇರು ಬಿಡಲು ಬೇಕಾದ ಆಹಾರ ತಯಾರಾಗುವುದು ಎಲೆಯಲ್ಲಿ. ಉಳಿದಿರುವ ನಾಲ್ಕು ಎಲೆಯನ್ನೂ ಕಿತ್ತರೆ ಬೇರು ಎಲ್ಲಿಂದ ಬರಬೇಕು?

ಮೇ ಮೊದಲ ವಾರ ಮಳೆ ಬಂತು. ಅಂಗಳದಲ್ಲಿ ನಿಂತು ನೆನೆದೆ. ಹತ್ತು ದಿನ ಕಳೆದ ಮೇಲೆ ಐದನೇ ಗಿಡದ ಬರಿಗಡ್ಡಿಯ ಮೇಲೆ ಸಾಸಿವೆ ಕಾಳಿನಷ್ಟು ಉಬ್ಬು ಕಂಡಿತು. ಕನ್ನಡಕ ಹಾಕಿಕೊಂಡು ನೋಡಿದೆ. ಚಿಗುರು. ತಿಳಿ ಹಸಿರು, ತುದಿಯಲ್ಲಿ ಸ್ವಲ್ಪ ಹಳದಿ. ಅತ್ತೆಯನ್ನು ಕೈ ಹಿಡಿದು ಕರೆದುಕೊಂಡು ಬಂದು ತೋರಿಸಿದೆ. ಆ ತಿಂಗಳ ಕೊನೆಗೆ 26 ಗಿಡಗಳಲ್ಲೂ ಚಿಗುರು ಇತ್ತು.

ಆದರೆ ಜೂನ್ 2ರ ಭಾನುವಾರ ಸಂಜೆಯ ಮಳೆ ಬೇರೆಯದೇ ಥರ. ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 133 ವರ್ಷಗಳಲ್ಲೇ ಹೆಚ್ಚು ಅಂತ ಮಾರನೇ ದಿನ ಪೇಪರಿನಲ್ಲಿ ಬಂತು. ಬೇಸಿಗೆಯಲ್ಲಿ ನೀರು ನಿಲ್ಲಲಿ ಅಂತ ನಾನೇ ಕಟ್ಟಿದ್ದ ಪಾತಿಗಳು ಕೆರೆ ಆಗಿದ್ದವು. ಜಾಗ ತಗ್ಗಿರುವ ಕಡೆ, ಇಪ್ಪತ್ತು, ಇಪ್ಪತ್ತೊಂದನೇ ಗಿಡಗಳ ಬುಡದಲ್ಲಿ ಮೂರು ದಿನ ಆದರೂ ನೀರು ಇಂಗಲಿಲ್ಲ. ಗಟ್ಟಿ ಮಣ್ಣಿನಲ್ಲಿ ನುಣ್ಣಗೆ ತೋಡಿದ ಗುಂಡಿ ಮಡಕೆ ಇದ್ದ ಹಾಗೆ, ನೀರು ಹೊರಗೆ ಹೋಗಲು ದಾರಿ ಇಲ್ಲ. ನಾಲ್ಕನೇ ದಿನ ಎರಡೂ ಗಿಡಗಳು ತಲೆ ಬಗ್ಗಿಸಿದವು. ನೋಡಲು ಥೇಟ್ ಏಪ್ರಿಲ್‌ನಲ್ಲಿ ನೀರಿಲ್ಲದೆ ಬಾಡಿದ ಹಾಗೇ.

ಇದನ್ನು ಒತ್ತಿ ಹೇಳಬೇಕು ಅನ್ನಿಸುತ್ತದೆ. ನೀರು ಕಡಿಮೆಯಾದರೂ ಗಿಡ ಬಾಡುತ್ತದೆ, ಜಾಸ್ತಿಯಾದರೂ ಬಾಡುತ್ತದೆ. ಬೇರಿಗೂ ಉಸಿರು ಬೇಕು. ಮಣ್ಣಿನ ಸಂದಿಯಲ್ಲೆಲ್ಲ ನೀರೇ ತುಂಬಿದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಕುಡಿಯಲಾರದು. ಎಲೆ ನೋಡಿ ಮಗ್ ಎತ್ತಿದರೆ ಗಿಡ ಸತ್ತ ಹಾಗೆಯೇ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಬೇಕು. ಅವತ್ತು ನಾನು ಬೆರಳು ಇಳಿಸಿದೆ. ಕೆಸರು, ಮೋರಿಯ ವಾಸನೆ. ಸ್ವಲ್ಪ ಕೆದಕಿ ಒಂದು ಬೇರು ಹಿಡಿದು ಎಳೆದರೆ, ಅದರ ಸಿಪ್ಪೆ ಒದ್ದೆ ಕಾಗದದಂತೆ ಜಾರಿ ಕೈಗೆ ಬಂತು. ಒಳಗಿನ ನಾರು ಮಾತ್ರ ಉಳಿಯಿತು. ಎರಡನ್ನೂ ಉಳಿಸಿಕೊಳ್ಳಲಾಗಲಿಲ್ಲ. ಉಳಿದವುಗಳ ಪಾತಿಯನ್ನು ಅವತ್ತೇ ಒಡೆದು, ನೀರು ಹರಿದುಹೋಗಲು ಚಿಕ್ಕ ಕಾಲುವೆ ಮಾಡಿದೆ.

ಜುಲೈನಲ್ಲಿ ಖಾಲಿಯಾದ ಮೂರು ಜಾಗಗಳಿಗೆ ಹೊಸ ಗಿಡ ತಂದೆ. ಈ ಸಲ ನಾನೇ ನೆಟ್ಟೆ, ಯಜಮಾನರು ಪಕ್ಕದಲ್ಲಿ ಕೂತು ನೋಡಿದರು. ಮೊದಲು ಕವರಿನ ಸಮೇತ ಗಿಡವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿದೆ. ಗುಳುಗುಳು ಅಂತ ಗುಳ್ಳೆ ಎದ್ದವು. ಗುಳ್ಳೆ ನಿಲ್ಲುವ ತನಕ ಬಿಟ್ಟೆ. ನಿಂತಿತು ಅಂದರೆ ಉಂಡೆಯ ಒಳಗಿನ ತನಕ ನೀರು ಹೋಯಿತು ಅಂತ. ಗುಂಡಿಯನ್ನು ಉಂಡೆಗಿಂತ ಆಳ ಮಾಡದೆ ಆದಷ್ಟು ಅಗಲ ಮಾಡಿದೆ. ಗುಂಡಿಯ ಗೋಡೆಯನ್ನು ಹಾರೆಯಿಂದ ಗೀರಿ ಒರಟು ಮಾಡಿದೆ. ಕವರನ್ನು ಪೂರ್ತಿ ತೆಗೆದು, ಸುತ್ತಿಕೊಂಡಿದ್ದ ಬೇರನ್ನು ಬ್ಲೇಡಿನಿಂದ ಮೂರು ಕಡೆ ಉದ್ದಕ್ಕೆ ಕೊಯ್ದೆ. ಕೈ ನಡುಗಿತು. "ಕೊಯ್ರಮ್ಮ, ಕೊಯ್ದ ಕಡೆಯಿಂದ್ಲೇ ಹೊಸದು ಹೊರಡೋದು" ಅಂದರು ಯಜಮಾನರು. ಮಣ್ಣು ಆಮೇಲೆ ಕುಸಿಯುತ್ತದೆ ಅಂತ ಬುಡವನ್ನು ನೆಲಕ್ಕಿಂತ ಎರಡು ಬೆರಳು ಮೇಲೆ ಇಟ್ಟೆ. ಬೇಸಿಗೆ ಪೂರ್ತಿ ನಾನು ಒದ್ದಾಡಿ ಉಳಿಸಿಕೊಂಡ ಗಿಡಗಳ ಸಮಕ್ಕೆ ಈ ಮೂರೂ ದೀಪಾವಳಿಯ ಹೊತ್ತಿಗೆ ಬಂದುಬಿಟ್ಟವು.

ಈಗ ಹನ್ನೊಂದನೆಯದರ ಮಾತು. ಅದು ಬಾಡಲೂ ಇಲ್ಲ, ಬೆಳೆಯಲೂ ಇಲ್ಲ. ಆಗಸ್ಟ್‌ನಲ್ಲಿ ಅಕ್ಕಪಕ್ಕದವು ಅಡಿಯುದ್ದ ಚಿಗುರಿದಾಗ ಇದರಲ್ಲಿ ಬಂದ ಎಳೆ ಎಲೆಗಳು ಹಳದಿ. ನರ ಮಾತ್ರ ಹಸಿರು, ನಡುವೆ ನಿಂಬೆ ಹಣ್ಣಿನ ಬಣ್ಣ. ನೀರು ಸರಿ ಇತ್ತು, ಬೇರೂ ಚೆನ್ನಾಗಿತ್ತು. ನವೆಂಬರ್‌ನಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳಕ್ಕೆ ಹೋದಾಗ ನಾಲ್ಕು ಎಲೆಯನ್ನು ಪುಸ್ತಕದ ಮಧ್ಯೆ ಇಟ್ಟುಕೊಂಡು ಹೋದೆ. ಮಳಿಗೆಯಲ್ಲಿದ್ದ ಅಧಿಕಾರಿಯೊಬ್ಬರು ಎಲೆ ನೋಡಿದ ತಕ್ಷಣ ಕೇಳಿದರು, "ಮನೆ ಕಟ್ಟೋವಾಗ ಅಲ್ಲಿ ಗಾರೆ ಕಲಸಿದ್ರಾ?"

ಹೌದು. ಸರಿಯಾಗಿ ಅಲ್ಲೇ. ಮನೆ ಕಟ್ಟುವಾಗ ಮೇಸ್ತ್ರಿ ಗಾರೆ ಕಲಸುತ್ತಿದ್ದ ಜಾಗ ಅದು. ಮೇಲೆ ಅರ್ಧ ಅಡಿ ಮಣ್ಣು ಮುಚ್ಚಿ ಮರೆತಿದ್ದೆವು. ಸಿಮೆಂಟಿನ ಸುಣ್ಣದ ಅಂಶ ಮಣ್ಣನ್ನು ಕ್ಷಾರ ಮಾಡುತ್ತದೆ. ಅಂಥ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ನಿಂಬೆ, ಕರಿಬೇವು, ಮಧುಕಾಮಿನಿ ಜಾತಿಯ ಗಿಡಗಳಲ್ಲಿ ಈ ಕೊರತೆ ಬೇಗ ಕಾಣುತ್ತದೆ. ಹಳೇ ಎಲೆ ಹಳದಿಯಾದರೆ ಬೇರೆ ಕಾರಣ ಇರಬಹುದು. ಎಳೆ ಎಲೆಯೇ ನರ ಬಿಟ್ಟು ಹಳದಿಯಾದರೆ ಕಬ್ಬಿಣದ ಕೊರತೆ ಅಂತ ಅವರು ಹೇಳಿಕೊಟ್ಟರು.

ಆ ಭಾನುವಾರ ನಾನೂ ಮಗನೂ ಸೇರಿ ಗಿಡದ ಮೂರು ಕಡೆ ಒಂದೂವರೆ ಅಡಿ ಆಳ ಅಗೆದೆವು. ಎರಡು ಬಾಣಲೆ ಗಾರೆ ಗಟ್ಟಿ, ಜಲ್ಲಿ, ಇಟ್ಟಿಗೆ ಚೂರು ಬಂದವು. ಬೇರಿನ ಹತ್ತಿರ ಬಂದಾಗ ಸಲಿಕೆ ಬಿಟ್ಟು ಕೈಯಲ್ಲೇ ತೆಗೆದೆವು. ಒಂದು ಬೇರು ಗಾರೆಯ ಗಟ್ಟಿಯನ್ನು ಬಳಸಿಕೊಂಡು ಆಚೆ ಹೋಗಲು ನೋಡುತ್ತಿತ್ತು. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದೆವು. ಐರನ್ ಚೀಲೇಟ್ ಪುಡಿಯನ್ನು ನೀರಿಗೆ ಕಲಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದೆ, ಹದಿನೈದು ದಿನ ಬಿಟ್ಟು ಇನ್ನೊಂದು ಸಲ. ಮುಂದೆ ಬಂದ ಎಲೆಗಳು ಹಸಿರಾಗಿಯೇ ಬಂದವು.

ಉಳಿದ ಬೇಲಿಯ ಕಥೆ ಸಲೀಸು. ಹೊಸ ಚಿಗುರು ಅರ್ಧ ಅಡಿ ಆದಾಗಲೆಲ್ಲ ಕುಡಿ ಚಿವುಟಿದೆ. ತುದಿಯ ಕುಡಿ ಇರುವ ತನಕ ಪಕ್ಕದ ಮೊಗ್ಗು ಏಳುವುದಿಲ್ಲ. ಚಿವುಟಿದರೆ ಒಂದರ ಜಾಗದಲ್ಲಿ ಎರಡು, ಮೂರು. ಕತ್ತರಿ ಹಾಕುವಾಗ ಬುಡ ಅಗಲ, ತಲೆ ಸಣ್ಣ ಇರುವ ಹಾಗೆ ಕತ್ತರಿಸುತ್ತೇನೆ. ತಲೆ ದಪ್ಪ ಬಿಟ್ಟರೆ ಕೆಳಗೆ ಬಿಸಿಲು ಬೀಳದೆ ಬುಡ ಬೋಳಾಗುತ್ತದೆ. ಈ ಊರಿನ ಎಷ್ಟೋ ಬೇಲಿಗಳು ಕೆಳಗೆ ಬರೀ ಕಡ್ಡಿ ಆಗಿರುವುದು ಇದರಿಂದಲೇ. ಮಳೆಗಾಲದಲ್ಲಿ ಹಕ್ಕಿಯ ಹಿಕ್ಕೆಯ ಹಾಗೆ ಕಾಣುವ ಹುಳುಗಳು ಬಂದವು, ಕರಿಬೇವಿಗೆ ಬರುವಂಥವೇ. ದೊಡ್ಡದಾದಾಗ ಹಸಿರಾಗಿ, ಕೊನೆಗೆ ಚಿಟ್ಟೆಯಾಗಿ ಹೋಗುತ್ತವೆ. ಔಷಧಿ ಹೊಡೆಯಲಿಲ್ಲ. ಬೇರು ಗಟ್ಟಿಯಿರುವ ಗಿಡಕ್ಕೆ ಇಷ್ಟು ಎಲೆ ಹೋದರೆ ಏನೂ ಆಗುವುದಿಲ್ಲ.

2025ರ ಬೇಸಿಗೆಯಲ್ಲಿ ವಾರಕ್ಕೊಂದು ಸಲ ನೀರು ಸಾಕಾಯಿತು. ಮೇ ತಿಂಗಳ ಮಳೆಗೆ ಮೊದಲ ಸಲ ಬೇಲಿ ತುಂಬ ಹೂವು. ಸಂಜೆ ಕಿಟಕಿ ತೆಗೆದಿಡು ಅಂತ ಅತ್ತೆಯೇ ಹೇಳತೊಡಗಿದರು.

ನಂಬರ್ ಬರೆದ ಇಟ್ಟಿಗೆಗಳು ಈಗ ಎಲೆಯ ಕೆಳಗೆ ಮುಚ್ಚಿಹೋಗಿವೆ. ಹನ್ನೊಂದನೆಯದನ್ನು ಹುಡುಕಲು ಇಟ್ಟಿಗೆ ಬೇಕಿಲ್ಲ, ಅದು ಇನ್ನೂ ಅಕ್ಕಪಕ್ಕದವಕ್ಕಿಂತ ಅರ್ಧ ಅಡಿ ಗಿಡ್ಡ. ಮೊನ್ನೆ ಮಳೆಯಾದ ಮಾರನೇ ದಿನ ಅದರಲ್ಲಿ ಏಳು ಮೊಗ್ಗು ಎಣಿಸಿದೆ. ಅದರ ಮೊದಲ ಮೊಗ್ಗುಗಳು. ಒಳಗೆ ಬಂದು ಅತ್ತೆಗೆ ಹೇಳಿದೆ.

"ಹತ್ತನ್ನೂ ಹನ್ನೆರಡನ್ನೂ ಪಕ್ಕದಲ್ಲಿ ಇನ್ನೊಂಚೂರು ಕತ್ತರಿಸಮ್ಮ, ಅದಕ್ಕೂ ಬಿಸಿಲು ಬೀಳ್ಲಿ" ಅಂದರು.

ಭಾನುವಾರ ಕತ್ತರಿಸಬೇಕು.